ಮಾಡದ ಅಡುಗೆಗೆ ಎಳೆದ ಗೀಟು

ಲಿಸ್ಬನ್ನಿನಲ್ಲಿ ಅಗ್ಗದ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ತಿಳಿಯಬೇಕಾದರೆ ಬೋರ್ಡು ಓದಬೇಕಾಗಿಲ್ಲ, ಗೀಟು ಎಣಿಸಿದರೆ ಸಾಕು. ಮಧ್ಯಾಹ್ನ ಹನ್ನೆರಡಕ್ಕೆ ನಮ್ಮಂಥ ಸಣ್ಣ ಹೋಟೆಲಿನವರೆಲ್ಲ ಮೇಜಿಗೆ ಹಾಸುವ ಕಾಗದದಲ್ಲಿ ಒಂದು ತುಂಡು ಹರಿದು, ಅವತ್ತಿನ ನಾಲ್ಕು ಅಡುಗೆಯ ಹೆಸರನ್ನು ದಪ್ಪ ಪೆನ್ನಿನಲ್ಲಿ ಬರೆದು ಬಾಗಿಲ ಪಕ್ಕದ ಗಾಜಿಗೆ ಅಂಟಿಸುತ್ತೇವೆ. ಯಾವುದು ಮುಗಿಯುತ್ತದೋ ಅದರ ಮೇಲೆ ಒಂದು ಗೀಟು. ಒಂದು ಗಂಟೆಯ ಹೊತ್ತಿಗೆ ಎರಡು ಗೀಟು ಬಿದ್ದಿದ್ದರೆ ಧೈರ್ಯವಾಗಿ ಒಳಗೆ ಹೋಗಬಹುದು. ಮೂರು ಬಿದ್ದಿದ್ದರೆ ಓಡಬೇಕು. ಒಂದೂ ಬೀಳದಿದ್ದರೆ ಜನ ಕಾಗದದ ಮುಂದೆ ಸ್ವಲ್ಪ ಹೊತ್ತು ನಿಂತು, ಗಡಿಯಾರ ನೋಡಿಕೊಂಡು, ಏನೋ ಮರೆತವರ ಹಾಗೆ ಮುಂದೆ ಹೊರಟುಬಿಡುತ್ತಾರೆ.

ನನ್ನ ಕಾಗದ ಎರಡೂವರೆಯವರೆಗೂ ಆಗ ತಾನೇ ಒಗೆದು ಹರವಿದ ದುಪ್ಪಟಿಯ ಹಾಗೆ ಇರುತ್ತಿತ್ತು.

ಎದುರಿಗೆ ಇದಾಲೀನಾಳ ಹೋಟೆಲು. ನಮ್ಮ ಗುಡ್ಡದ ಬೀದಿಗಳು ಅಗಲವಿಲ್ಲ. ನನ್ನ ಹೊಸ್ತಿಲಿನಿಂದ ಅವಳ ಹೊಸ್ತಿಲಿಗೆ ಹನ್ನೊಂದು ಹೆಜ್ಜೆ. ಕಣ್ಣಲ್ಲೇ ಎಣಿಸಿದ್ದೇನೆ, ದಾಟಿಲ್ಲ. ಗಾಜಿನ ಹಿಂದೆ ನಿಂತರೆ ಅವಳ ಕಾಗದ ಪೂರ್ತಿ ಕಾಣುತ್ತದೆ. ಹನ್ನೆರಡೂಮುಕ್ಕಾಲಿಗೆ ಒಂದು ಗೀಟು, ಒಂದಕ್ಕೆ ಇನ್ನೊಂದು, ಒಂದೂಕಾಲಿಗೆ ಮೂರನೆಯದು. ಪ್ರತಿ ಸಲವೂ ಅವಳು ಪೆನ್ನು ಹಿಡಿದು ಹೊರಗೆ ಬಂದು, ಕಾಗದದ ಈ ತುದಿಯಿಂದ ಆ ತುದಿಗೆ ಗೀಟು ಎಳೆದು, ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋಗುತ್ತಾಳೆ. ಬೇಕೆಂದೇ ನಿಧಾನವಾಗಿ ಎಳೆಯುತ್ತಾಳೆ ಎಂದು ನನಗೆ ಅನಿಸುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಅವಳು ಯಾರು ಎಂದು ಗೊತ್ತಾದರೆ ನನ್ನ ಹೊಟ್ಟೆ ಯಾಕೆ ಉರಿಯುತ್ತಿತ್ತು ಎಂಬುದೂ ಗೊತ್ತಾಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಉತ್ತರದ ಮಿನ್ಯು ಕಡೆಯಿಂದ ಒಂದು ಕೈಚೀಲ ಹಿಡಿದುಕೊಂಡು ಬಂದವಳು. ನಾನೇ ಕೆಲಸ ಕೊಟ್ಟೆ. ಒಂಬತ್ತು ವರ್ಷ ನನ್ನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದಳು, ಮೀನು ಕೆರೆದಳು, ಪಾತ್ರೆ ಉಜ್ಜಿದಳು, ಎಲ್ಲವನ್ನೂ ನನ್ನಿಂದ ಕಲಿತಳು. ಎದುರಿನ ಚಪ್ಪಲಿ ರಿಪೇರಿಯ ಮುದುಕ ತೀರಿಕೊಂಡು ಅಂಗಡಿ ಖಾಲಿಯಾದಾಗ, ಒಂದು ಶುಕ್ರವಾರ ಏಪ್ರನ್ ಮಡಚಿಟ್ಟು, "ದೋನಾ ಎರ್ಮಿನಿಯಾ, ನಾನೂ ಒಂದ್ ಕೈ ನೋಡ್ತೀನಿ" ಎಂದಳು. ಲಿಸ್ಬನ್ನಿನಲ್ಲಿ ಏಳು ಗುಡ್ಡಗಳಿವೆ ಎನ್ನುತ್ತಾರೆ. ಅವಳಿಗೆ ನನ್ನ ಮೂಗಿನ ಮುಂದಿನ ಜಾಗವೇ ಬೇಕಾಯಿತು. ಅದಾಗಿ ಹನ್ನೊಂದು ವರ್ಷ.

ಅವಳ ಕಾಗದದಲ್ಲಿ ಮೊದಲು ಗೀಟು ಬೀಳುವುದು ಕಬಿಡೇಲಾಕ್ಕೆ. ಕೋಳಿಯನ್ನು ಅದರದೇ ರಕ್ತದಲ್ಲಿ, ವಿನೆಗರಿನ ಹುಳಿ ಹಾಕಿ, ಅಕ್ಕಿಯ ಜೊತೆ ಬೇಯಿಸುವ ಅಡುಗೆ ಅದು. ಕಪ್ಪಗೆ, ನುಣ್ಣಗೆ, ತಟ್ಟೆಗೆ ಸುರಿದರೆ ತಾನಾಗಿಯೇ ಹರಡಿಕೊಳ್ಳಬೇಕು. ಅದಕ್ಕಾಗಿ ನದಿಯ ಆಚೆ ದಡದಿಂದ ದೋಣಿ ಹತ್ತಿ ಬರುವವರಿದ್ದಾರೆ.

ಸೋಮವಾರ ಅವಳ ರಜೆ. ಅವತ್ತು ನನ್ನ ಹನ್ನೆರಡೂ ಮೇಜು ತುಂಬುತ್ತವೆ. ನನ್ನ ಗಂಡ ಅಬೀಲಿಯೊ ನೋಯುವ ಮೊಣಕಾಲು ಎಳೆದುಕೊಂಡು ತಟ್ಟೆ ಹೊರುತ್ತಾ, "ಇವತ್ ಚೆನ್ನಾಗ್ ಆಯ್ತಲ್ಲ" ಎನ್ನುತ್ತಾನೆ. ಏನು ಚೆನ್ನ? ಅವಳ ಬಾಗಿಲು ಮುಚ್ಚಿದೆ ಎಂದು ಬಂದವರು. ಅವಳ ಎಂಜಲು. ಅಷ್ಟು ಜನ ಊಟ ಮಾಡಿ ಕೈ ಒರೆಸಿಕೊಳ್ಳುವುದನ್ನು ನೋಡುವಾಗ ಖಾಲಿ ಮೇಜುಗಳ ಮಂಗಳವಾರಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು.

ಅವಳ ಹೋಟೆಲು ಮುಚ್ಚಿಹೋಗಲಿ ಎಂದು ನಾನು ಯಾವತ್ತೂ ಬಯಸಿದವಳಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ, ನಾನು ಯಾವ ಮುಖ ಹೊತ್ತು ಅವಳ ಗಾಜನ್ನು ನೋಡುತ್ತೇನೋ ಅದೇ ಮುಖ ಹೊತ್ತು ಅವಳು ನನ್ನ ಗಾಜನ್ನು ನೋಡಬೇಕು. ಆಮೇಲೆ ನಾನು ಸತ್ತರೂ ಚಿಂತೆಯಿಲ್ಲ ಎಂದುಕೊಂಡಿದ್ದೆ.

ಒಂದು ಬುಧವಾರ ನಮ್ಮ ಕಟ್ಟಡದ ಮೇಲಿನ ಕೋಣೆಗೆ ಬೆಲ್ಜಿಯಮ್ಮಿನ ಹೆಂಗಸೊಬ್ಬಳು ಆರು ದಿನದ ಬಾಡಿಗೆಗೆ ಬಂದಳು. ಹೆಸರು ಅನ್ನೆಲೀಸ್, ನಲವತ್ತರ ಆಸುಪಾಸು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳಂತೆ. ನಮ್ಮ ಭಾಷೆಯನ್ನು ಬ್ರೆಜಿಲಿನ ಗೆಳತಿಯಿಂದ ಕಲಿತಿದ್ದಳು, ಮಾತಾಡಿದರೆ ಹಾಡಿದ ಹಾಗಿತ್ತು. ಹನ್ನೆರಡೂವರೆಗೆ ಕೆಳಗಿಳಿದು ಬಂದು ನನ್ನ ಗಾಜಿನ ಮುಂದೆ ನಿಂತು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನಾನು ಏಪ್ರನ್ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದೆ.

"ಇಲ್ಲಿ ಹತ್ರದಲ್ಲಿ ಒಳ್ಳೆ ಊಟ ಎಲ್ ಸಿಗುತ್ತೆ?" ಎಂದು ನನ್ನನ್ನೇ ಕೇಳಿದಳು. "ಜಾಸ್ತಿ ದುಡ್ ಕೀಳ್ದಿರೋ ಕಡೆ. ಇಲ್ಲಿಯೋರೇ ಹೋಗಿ ತಿನ್ನೋಂಥದ್ದು."

"ಇಲ್ಲೇ," ಎಂದೆ.

ಅವಳು ಇನ್ನೊಂದು ಸಲ ಕಾಗದ ನೋಡಿದಳು. "ಇಲ್ಲಿ ಗೀಟೇ ಬಿದ್ದಿಲ್ವಲ್ಲ."

ಯಾರು ಹೇಳಿಕೊಟ್ಟಿದ್ದರೋ. ಅವಳ ಕೈಯಲ್ಲಿ ಒಂದು ಪುಟ್ಟ ನೋಟ್‌ಬುಕ್ಕು, ಅದರಲ್ಲಿ ಅವಳ ನಿಯಮಗಳು. ಊಟದ ಫೋಟೋ ಹಾಕಿದ ಕಡೆ ಹೋಗಬಾರದು. ಬಾಗಿಲಲ್ಲಿ ನಿಂತು ಕರೆಯುವವರಿದ್ದರೆ ಹೋಗಬಾರದು. ಒಳಗೆ ಬೂಟಿಗೆ ಸಿಮೆಂಟು ಮೆತ್ತಿಕೊಂಡವರು ಕೂತಿದ್ದರೆ ಹೋಗಬೇಕು. ಗೀಟು ಎಣಿಸಬೇಕು. ನಾನು ಬಾಗಿಲಲ್ಲಿ ನಿಂತು ಇಲ್ಲೇ ಎಂದಿದ್ದೆ, ಅಂದರೆ ಎರಡು ನಿಯಮದಲ್ಲಿ ಆಗಲೇ ಸೋತಿದ್ದೆ. ಅವಳು ನಯವಾಗಿ ನಕ್ಕು, ತಿರುಗಿ, ಎದುರಿಗೆ ನಡೆದಳು.

ಮೂರು ಗಂಟೆಗೆ ಅವಳು ವಾಪಸು ಬರುವುದನ್ನೇ ಕಾದಿದ್ದು ಮೆಟ್ಟಿಲ ಹತ್ತಿರ ಹಿಡಿದೆ.

"ಮೊದ್ಲು ಏನ್ ತಂದಿಟ್ಲು?"

"ಬ್ರೆಡ್ಡು, ಆಲಿವ್ ಕಾಯಿ."

"ಬ್ರೆಡ್ ನಿನ್ನೇದೇ ಇರ್ಬೇಕು."

"ಇಲ್ಲ, ಬಿಸಿ ಇತ್ತು."

"ಹೊರಗಿನೋರು ಅಂತ ಬಿಸಿ ಮಾಡಿರ್ತಾಳೆ, ಮಗಳೇ."

"ಪಕ್ಕದ್ ಮೇಜಲ್ಲಿ ಪೇಂಟ್ ಹೊಡಿಯೋರು ಕೂತಿದ್ರು. ಅವ್ರಿಗೂ ಬಿಸೀನೇ ಕೊಟ್ರು."

"ಕಬಿಡೇಲಾ ತಿಂದ್ಯಾ?"

"ನಂಗ್ ಮೇಜು ಸಿಗೋಷ್ಟ್ರಲ್ಲಿ ಮುಗ್ದೋಗಿತ್ತು. ಹನ್ನೆರಡೂಮುಕ್ಕಾಲಿಗೇ ಗೀಟು ಎಳೆದ್ಬಿಟ್ರು." ಅವಳು ನೋಟ್‌ಬುಕ್ ತೆರೆದು ತೋರಿಸಿದಳು. ಅಲ್ಲಿ ಇದಾಲೀನಾಳ ಹೆಸರಿನ ಮುಂದೆ ಹೊತ್ತು ಬರೆದು, ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿದ್ದಳು. ತಿನ್ನದೇ ಇದ್ದ ಅಡುಗೆಗೆ ನಕ್ಷತ್ರ. ನಾನು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಗುರುವಾರ ನಮ್ಮಲ್ಲಿ ಕೊಜೀದು. ದನ, ಹಂದಿ, ಕೋಳಿ, ಸಾಸೇಜು, ಎಲೆಕೋಸು, ಗಡ್ಡೆ ಎಲ್ಲವನ್ನೂ ಒಂದೇ ಹಂಡೆಯಲ್ಲಿ ಬೇಯಿಸುತ್ತೇನೆ. ಅದರಲ್ಲಿ ನನ್ನ ಕೈ ಒಳ್ಳೆಯದು, ಬೇರೆಯವರೇ ಹೇಳಿದ್ದಾರೆ. ಮೇಲಿನ ಬೀದಿಯಲ್ಲಿ ಹಳೇ ಮನೆಗಳಿಗೆ ಟೈಲ್ಸ್ ಕೂರಿಸುವ ಮೇಸ್ತ್ರಿ ಬೆಲ್ಮೀರು ತನ್ನ ಐದು ಜನರನ್ನು ಕರೆದುಕೊಂಡು ಗುರುವಾರ ಮಾತ್ರ ನನ್ನಲ್ಲಿಗೆ ಬರುತ್ತಾನೆ. ಸೋಮವಾರವೂ ಬರುತ್ತಾನೆ, ಅದು ಲೆಕ್ಕಕ್ಕಿಲ್ಲ ಎಂದು ಆಗಲೇ ಹೇಳಿದೆ. ವಾರದಲ್ಲಿ ಮನಸ್ಸಿಟ್ಟು ನನ್ನನ್ನು ಹುಡುಕಿಕೊಂಡು ಬರುವವರು ಎಂದರೆ ಆ ಆರು ಜನ.

ಹನ್ನೆರಡೂಮುಕ್ಕಾಲಿಗೆ ಎದುರಿನ ಗಾಜಿನ ಮೇಲೆ ಗೀಟು ಬಿತ್ತು. ನನ್ನ ಕೈಯಲ್ಲಿ ಪೆನ್ನಿತ್ತು. ಹೊರಗೆ ಹೋದೆ. ಎಳೆಯುವುದಾದರೆ ಸಣ್ಣಪುಟ್ಟದಕ್ಕೆ ಯಾಕೆ, ದೊಡ್ಡದಕ್ಕೇ ಎಳೆಯೋಣ ಎಂದು ಕೊಜೀದುವಿನ ಮೇಲೆ, ಈ ತುದಿಯಿಂದ ಆ ತುದಿಗೆ, ಅವಳಿಗಿಂತ ನಿಧಾನವಾಗಿ ಎಳೆದೆ. ಒಳಗೆ ಹಂಡೆಯನ್ನು ಇನ್ನೂ ಮುಟ್ಟಿರಲಿಲ್ಲ.

ಅದು ಕೆಲಸ ಮಾಡಿತು ಎನ್ನುವುದೇ ದುರಂತ. ಐದು ನಿಮಿಷದಲ್ಲಿ ಎರಡು ಮೇಜು ತುಂಬಿದವು, ಬೆನ್ನ ಮೇಲೆ ಚೀಲ ಹೊತ್ತ ಸ್ಪೇನಿನ ಹುಡುಗಿಯರು ಮತ್ತೊಂದು ಗಂಡಹೆಂಡತಿ. ಎಲ್ಲರೂ ಉಪ್ಪುಮೀನು ಕೇಳಿದರು. ನನಗೆ ನಿಂತಲ್ಲೇ ಕುಣಿಯುವಂತಾಯಿತು. ಅಷ್ಟರಲ್ಲಿ ಬೆಲ್ಮೀರು ತನ್ನವರ ಜೊತೆ ಬಂದು ಗಾಜಿನ ಮುಂದೆ ನಿಂತ.

"ಏನ್ ದೋನಾ ಎರ್ಮಿನಿಯಾ, ಕೊಜೀದು ಮುಗ್ದೇ ಹೋಯ್ತಾ? ಇನ್ನೂ ಗಂಟೆ ಒಂದಾಗಿಲ್ಲ."

ಸ್ಪೇನಿನ ಹುಡುಗಿಯರು ಕೇಳಿಸಿಕೊಳ್ಳುತ್ತಿದ್ದರು. ಎದುರಿನ ಬಾಗಿಲೂ ತೆರೆದಿತ್ತು. "ಮುಗೀತು," ಎಂದೆ.

"ವಾಸನೆ ಇನ್ನೂ ಘಮಘಮ ಅಂತಿದೆ."

"ವಾಸನೆ ಉಳ್ಕೊಳ್ಳುತ್ತೆ."

"ಒಳ್ಳೇದಾಯ್ತು ಬಿಡಿ, ನಿಮ್ಗೂ ನಾಕ್ ಕಾಸ್ ಆಗ್ಲಿ," ಎಂದು ಟೋಪಿ ಸರಿಮಾಡಿಕೊಂಡು ಐದೂ ಜನರನ್ನು ಎದುರಿಗೆ ಕರೆದುಕೊಂಡು ಹೋದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ನನಗೆ ಒಳ್ಳೆಯದಾಯಿತು ಎಂದುಕೊಂಡಿದ್ದ. ಅವನು ಹೋಗುವುದನ್ನು ನೋಡುತ್ತಾ ನನ್ನ ಕೈ ನಾನೇ ಕಚ್ಚಿಕೊಳ್ಳಬೇಕು ಎನಿಸಿತು.

ಅವತ್ತು ಸಂಜೆ ನಾವಿಬ್ಬರೂ ಕೊಜೀದು ತಿಂದೆವು. ಶುಕ್ರವಾರ ಬೆಳಿಗ್ಗೆಯೂ ತಿಂದೆವು. ಅಬೀಲಿಯೊ ಎಲೆಕೋಸು ಪಕ್ಕಕ್ಕೆ ಸರಿಸುತ್ತಾ ಕೇಳಿದ, "ಇದು ಯಾವಾಗ್ ಮುಗ್ಯುತ್ತೆ?"

"ಮುಗ್ದಿದೆ ಅಂತ ಬರ್ದಿದೀನಲ್ಲ."

"ಕಾಗ್ದದ್ ಮೇಲೆ ಮುಗ್ದಿದೆ ಕಣೇ. ಹಂಡೇಲಿ ಯಾವಾಗ ಅಂತ ಕೇಳಿದ್ದು."

ಅವನ ಮಾತಿನಿಂದಲೇ ನನಗೆ ದಾರಿ ಹೊಳೆಯಿತು. ಇರುವ ಅಡುಗೆಗೆ ಗೀಟು ಎಳೆದರೆ ಅಡುಗೆ ಉಳಿಯುತ್ತದೆ. ಇಲ್ಲದ ಅಡುಗೆಗೆ ಎಳೆದರೆ ಏನೂ ಉಳಿಯುವುದಿಲ್ಲ, ಗೀಟು ಮಾತ್ರ ಲಾಭ. ಶುಕ್ರವಾರ ನನ್ನ ನಾಲ್ಕು ಅಡುಗೆಯ ಕೆಳಗೆ ಐದನೆಯದೊಂದನ್ನು ಬರೆದೆ. ಯಾವುದನ್ನಾದರೂ ಬರೆಯಬಹುದಿತ್ತು. ಮೊಲದ ಸಾರು ಎನ್ನಬಹುದಿತ್ತು, ಹಂದಿಕಾಲು ಎನ್ನಬಹುದಿತ್ತು. ನಾನು ಬರೆದದ್ದು ಕಬಿಡೇಲಾ. ಹನ್ನೆರಡೂಕಾಲಿಗೆ, ಇದಾಲೀನಾಳಿಗಿಂತ ಅರ್ಧ ಗಂಟೆ ಮೊದಲೇ, ಅದರ ಮೇಲೆ ಗೀಟು ಎಳೆದೆ.

"ನಾನ್ ಯಾರಿಗೂ ಸುಳ್ ಹೇಳಲ್ಲ," ಎಂದ ಅಬೀಲಿಯೊ.

"ನೀನ್ ಏನೂ ಹೇಳ್ಬೇಡ. ಮುಗೀತು ಅನ್ನು, ಸಾಕು. ಇಲ್ಲ ಅನ್ನೋದಂತೂ ನಿಜ ತಾನೇ?"

ಬೀದಿಗೆ ಬೀದಿಯೇ ಮಾತಾಡಿಕೊಂಡಿತು. ಅಂಚೆ ಕಚೇರಿಯ ಗುಮಾಸ್ತ ಬಂದು, "ನಾಳೆ ನಂಗೊಂದ್ ತಟ್ಟೆ ಎತ್ತಿಡಿ ದೋನಾ ಎರ್ಮಿನಿಯಾ" ಎಂದ. ಬಟ್ಟೆ ಒಗೆಯುವ ಅಂಗಡಿಯವಳು, "ಇಷ್ಟ್ ದಿನ ಯಾಕ್ ಮುಚ್ಚಿಟ್ಕೊಂಡಿದ್ರಿ?" ಎಂದು ಕೇಳಿದಳು. ಶನಿವಾರ ಹನ್ನೆರಡಕ್ಕೇ ಬಂದವರಿಗೂ ಕಬಿಡೇಲಾ ಸಿಗಲಿಲ್ಲ. ಸಿಗಲಿಲ್ಲ ಎಂದು ಯಾರೂ ಎದ್ದು ಹೋಗಲಿಲ್ಲ, ಸಿಕ್ಕಿದ್ದನ್ನು ತಿಂದರು. ನಲವತ್ತು ವರ್ಷ ಅಡುಗೆ ಮಾಡಿ ಸಿಗದ ಹೆಸರು ಮಾಡದೇ ಇದ್ದ ಅಡುಗೆಯಿಂದ ಎರಡು ದಿನದಲ್ಲಿ ಸಿಕ್ಕಿತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಒಂದು ಗಂಟೆಗೆ ಇದಾಲೀನಾ ಕೈ ಒರೆಸಿಕೊಳ್ಳುತ್ತಾ ಹೊಸ್ತಿಲಿಗೆ ಬಂದು, ನನ್ನ ಗಾಜಿನ ಕಡೆ ತಿರುಗಿ ನಿಂತುಕೊಂಡಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಿರುಗಿದಳು. ಆದರೆ ಬಿಸಿಲು ಅವಳ ಬೆನ್ನಿಗಿತ್ತು, ಮುಖ ಕಾಣಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ, ಆದರೂ ಕಾಣಲಿಲ್ಲ.

ಅನ್ನೆಲೀಸ್ ನೋಟ್‌ಬುಕ್ ಹಿಡಿದು ಕೌಂಟರಿಗೆ ಬಂದಳು. ಎರಡು ದಿನದಿಂದ ನನ್ನಲ್ಲೇ ಊಟ ಮಾಡುತ್ತಿದ್ದಳು. "ಅವ್ರದ್ದು ಹನ್ನೆರಡೂಮುಕ್ಕಾಲು, ನಿಮ್ದು ಹನ್ನೆರಡೂಕಾಲು. ಅಂದ್ರೆ ನಿಮ್ದೇ ಚೆನ್ನಾಗಿರ್ಬೇಕು. ಮಂಗಳವಾರ ಬೆಳಿಗ್ಗೆ ನಾನು ಊರಿಗ್ ಹೊರಡ್ತೀನಿ. ಸೋಮವಾರ ನಂಗೊಂದ್ ತಟ್ಟೆ ಎತ್ತಿಡ್ತೀರಾ? ಎಷ್ಟ್ ಹೊತ್ತಿಗ್ ಬರ್ಬೇಕು ಹೇಳಿ, ಬರ್ತೀನಿ."

ಸುದ್ದಿ ಕೇಳಿ ಬಂದು ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಬೆಲ್ಮೀರು ಲೋಟ ಕೆಳಗಿಟ್ಟ. "ಎತ್ತಿಡ್ಬೋದು ಅಂದ್ರೆ ನಮ್ಗೂ ಆರು."

ಅಬೀಲಿಯೊ ನನ್ನ ಮುಖ ನೋಡಿದ. ಆಗಲ್ಲ ಎನ್ನಲು ಅದೇ ಒಳ್ಳೆಯ ಸಮಯವಾಗಿತ್ತು. "ಆಗ್ಲಿ," ಎಂದೆ.

ಈಗ ಒಂದು ಮಾತು ತಿದ್ದಬೇಕು. ಇದಾಲೀನಾ ಎಲ್ಲವನ್ನೂ ನನ್ನಿಂದ ಕಲಿತಳು ಎಂದು ಹೇಳಿದೆನಲ್ಲ, ಅದನ್ನು ಹನ್ನೊಂದು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದು ನಾನೇ ನಂಬಿಬಿಟ್ಟಿದ್ದೆ. ಕಬಿಡೇಲಾ ಅವಳ ಊರಿನದು, ಅವಳ ಅಜ್ಜಿಯದು. ಕೆಲಸಕ್ಕೆ ಸೇರಿದ ಮೂರನೇ ತಿಂಗಳು, ನಾನು ಜ್ವರ ಬಂದು ಮಲಗಿದ್ದ ದಿನ, ಒಂದು ಹಂಡೆ ಮಾಡಿದ್ದಳು. ಅವತ್ತು ನನ್ನ ಗಾಜಿನ ಮೇಲೆ ಮೊದಲ ಸಲ ಒಂದು ಗಂಟೆಯೊಳಗೆ ಗೀಟು ಬಿತ್ತು. ಆಮೇಲೆ ಒಂಬತ್ತು ವರ್ಷ ಬೀಳುತ್ತಲೇ ಇತ್ತು. ಅವಳು ಹೋದಳು, ಗೀಟೂ ಹೋಯಿತು. ಇದರಲ್ಲಿ ಅರ್ಥವಾಗದಂಥದ್ದು ಏನೂ ಇಲ್ಲ, ನನಗೂ ಮೊದಲ ತಿಂಗಳಲ್ಲೇ ಅರ್ಥವಾಗಿತ್ತು. ಅರ್ಥವಾದದ್ದನ್ನು ನುಂಗಿಕೊಂಡು ಅವಳನ್ನು ಕಳ್ಳಿ ಎಂದೆ.

ಮತ್ತೆ ಆ ಒಂಬತ್ತು ವರ್ಷದಲ್ಲಿ ಒಂದು ದಿನವೂ ಹೇಗೆ ಮಾಡುತ್ತೀಯ ಎಂದು ನಾನು ಕೇಳಲಿಲ್ಲ. ಕೆಲಸದವಳ ಹತ್ತಿರ ಯಜಮಾನಿ ಕೇಳುವುದೇ? ಓರೆಗಣ್ಣಲ್ಲಿ ನೋಡಿ ಕಲಿತದ್ದಷ್ಟೇ ನನ್ನ ಬಳಿ ಇದ್ದದ್ದು. ಅಕ್ಕಿ ಮುಕ್ಕಾಲು ಬೆಂದ ಮೇಲೆ ಹಂಡೆಯನ್ನು ಒಲೆಯಿಂದ ಇಳಿಸುತ್ತಾಳೆ. ಸ್ವಲ್ಪ ಕಾಯುತ್ತಾಳೆ. ಆಮೇಲೆ ವಿನೆಗರ್ ಬೆರೆಸಿದ ರಕ್ತವನ್ನು ಎಳೆ ಎಳೆಯಾಗಿ ಬಿಡುತ್ತಾಳೆ. ಆ ಸ್ವಲ್ಪ ಎಂದರೆ ಎಷ್ಟು ಎನ್ನುವುದು ಗೊತ್ತಿರಲಿಲ್ಲ. ಬೇಗ ಬಿಟ್ಟರೆ ಒಡೆಯುತ್ತದೆ, ತಡವಾದರೆ ಅನ್ನ ಮುದ್ದೆಯಾಗುತ್ತದೆ. ಭಾನುವಾರ ನಮ್ಮ ರಜೆ. ಚರ್ಚಿನ ಪೂಜೆಗೆ ಹೋಗಿ ದೇವರ ಮುಂದೆ ಕೂತು ನಾನು ಲೆಕ್ಕ ಹಾಕಿದ್ದು ಅದನ್ನೇ, ಐದು ನಿಮಿಷವೋ ಹತ್ತು ನಿಮಿಷವೋ ಎಂದು.

ಸೋಮವಾರ ಬೆಳಿಗ್ಗೆ ಮಾಂಸದಂಗಡಿಯಿಂದ ನಾಲ್ಕು ನಾಟಿ ಕೋಳಿ, ಒಂದು ಬಾಟಲಿ ರಕ್ತ ತಂದೆ. ಹನ್ನೊಂದು ಗಂಟೆಗೆ ಹಂಡೆ ಇಳಿಸಿದೆ. ಗಡಿಯಾರ ನೋಡುತ್ತಾ ನಿಂತೆ. ಏಳು ನಿಮಿಷಕ್ಕೆ ಧೈರ್ಯ ಸಾಲದೆ ರಕ್ತ ಬಿಟ್ಟೆ. ಬಿಟ್ಟ ಕೂಡಲೇ ಗೊತ್ತಾಯಿತು. ನುಣ್ಣಗೆ ಹೊಂದಿಕೊಳ್ಳುವ ಬದಲು ಸಣ್ಣ ಸಣ್ಣ ಕಾಳಾಗಿ, ಒಡೆದ ಹಾಲಿನ ಹಾಗೆ, ಅನ್ನದ ನಡುವೆ ನಿಂತುಬಿಟ್ಟಿತು. ಎಷ್ಟು ತಿರುವಿದರೂ ಕೂಡಿಕೊಳ್ಳಲಿಲ್ಲ. ಅಬೀಲಿಯೊ ಒಂದು ಚಮಚ ರುಚಿ ನೋಡಿ, "ತಿನ್ಬೋದು" ಎಂದ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಆ ಮಾತಿನ ಬೆಲೆ ಗೊತ್ತು.

ಅನ್ನೆಲೀಸ್ ಹನ್ನೆರಡಕ್ಕೆ ಬಂದಳು. ಪೂರ್ತಿ ತಿಂದಳು. ನೋಟ್‌ಬುಕ್ ತೆಗೆದು, ಪೆನ್ನು ಹಿಡಿದು, ಏನೋ ಯೋಚಿಸಿ, ಪೆನ್ನಿನ ಮುಚ್ಚಳ ಹಾಕಿದಳು. "ತುಂಬಾ ಥ್ಯಾಂಕ್ಸ್. ಹೊಟ್ಟೆ ತುಂಬ್ತು," ಎಂದಳು. ಬೆಲ್ಮೀರು ಮತ್ತು ಅವನ ಐದು ಜನ ಗೋಡೆಯ ಪಕ್ಕದ ಉದ್ದ ಮೇಜಿನಲ್ಲಿ ಕೂತು ತಿನ್ನುತ್ತಿದ್ದರು. ಯಾವಾಗಲೂ ಫುಟ್‌ಬಾಲ್ ಎಂದು ಕೂಗಾಡುವವರು ಅವತ್ತು ಬ್ರೆಡ್ಡು ಕೊಡಿ, ವೈನು ಕೊಡಿ ಎನ್ನುವುದು ಬಿಟ್ಟು ಬಾಯಿ ಬಿಡಲಿಲ್ಲ. ಒಳ್ಳೆಯ ಜನ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಂದೂವರೆಗೆ ಬಾಗಿಲು ತಳ್ಳಿಕೊಂಡು ಇದಾಲೀನಾ ಒಳಗೆ ಬಂದಳು.

ರಜೆಯ ದಿನದ ಒಳ್ಳೆಯ ಬ್ಲೌಸು ಹಾಕಿಕೊಂಡು, ಕಿವಿಗೆ ಚಿನ್ನದ ಓಲೆ ಇಟ್ಟುಕೊಂಡಿದ್ದಳು. ಬೆಲ್ಮೀರುವಿನ ಮೇಜಿನಲ್ಲಿ ಎಲ್ಲರ ಕೈಯೂ ನಿಂತಿತು. ಅವಳು ಯಾರನ್ನೂ ನೋಡದೆ ಅಡುಗೆಮನೆ ಬಾಗಿಲ ಹತ್ತಿರದ ಸಣ್ಣ ಮೇಜಿಗೆ ಹೋಗಿ ಕೂತಳು. "ಒಂದ್ ಕಬಿಡೇಲಾ. ಉಳ್ದಿದ್ರೆ," ಎಂದಳು.

ನಾನೇ ಹತ್ತಿರ ಹೋದೆ. ಈ ಸಲ ಬಿಸಿಲು ಅಡ್ಡ ಬರಲಿಲ್ಲ. ಕಣ್ಣ ಕೆಳಗೆ ಕಪ್ಪು, ಕೆನ್ನೆ ಇಳಿದಿತ್ತು, ತುಟಿ ಬಿಗಿದುಕೊಂಡಿತ್ತು. ಅದೇ ಮುಖ. ಹನ್ನೊಂದು ವರ್ಷ ನಾನು ಗಾಜಿನ ಹಿಂದೆ ಹೊತ್ತು ನಿಂತ ಮುಖ ಅವಳ ಕತ್ತಿನ ಮೇಲೆ ಕೂತಿತ್ತು. ನನ್ನ ಹೊಟ್ಟೆ ತಣ್ಣಗಾಯಿತು. ಅಂಥ ಸುಖ ನನಗೆ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ, ದೇವರು ಕ್ಷಮಿಸಲಿ.

"ಯಾರವ್ಳು?" ಎಂದಳು.

"ಯಾರು?"

"ನೀವ್ ಇಟ್ಕೊಂಡಿರೋಳು. ನಮ್ ಮಿನ್ಯು ಕಡೆಯೋಳಾ? ಶುಕ್ರವಾರ ಅಬೀಲಿಯೊ ಅವ್ರನ್ನ ಕೇಳ್ದೆ. ನಾನ್ ಅಡುಗೆಮನೆ ಕಡೆ ಹೋಗಲ್ಲಮ್ಮ ಅಂದ್ರು. ಅವ್ರಿಗೆ ಸುಳ್ ಹೇಳೋಕ್ ಬರಲ್ಲ. ಆಗ್ಲೇ ಗೊತ್ತಾಯ್ತು, ಯಾರೋ ಬಂದಿದಾಳೆ ಅಂತ."

ಅಬೀಲಿಯೊ ಕೌಂಟರಿನ ಹಿಂದೆ ಒಣಗಿದ ಲೋಟವನ್ನೇ ಒರೆಸುತ್ತಿದ್ದ.

"ನಾನ್ ಬಿಟ್ ಹೋದ್ ಜಾಗಕ್ಕೆ ನೀವ್ ಯಾರನ್ನೂ ತರ್ಲಿಲ್ಲ," ಎಂದಳು ಇದಾಲೀನಾ. "ಅದೊಂದ್ ಸಮಾಧಾನ ಇತ್ತು ನಂಗೆ. ಅಲ್ಲಿ ನನ್ ಥರ ಮಾಡೋಳು ಇನ್ನೊಬ್ಳಿಲ್ಲ ಅಂತ. ಈಗ ಹನ್ನೆರಡೂಕಾಲಿಗೇ ಮುಗ್ಯುತ್ತಂತೆ. ನನ್ನದು ಯಾವತ್ತೂ ಅಷ್ಟ್ ಬೇಗ ಮುಗ್ದಿಲ್ಲ. ಮೂರ್ ದಿನದಿಂದ ಸರಿಯಾಗ್ ಊಟಾನೇ ಸೇರ್ತಿಲ್ಲ. ಹೊಟ್ಟೆಕಿಚ್ಚು ದೋನಾ ಎರ್ಮಿನಿಯಾ, ನಿಮ್ ಹತ್ರ ಸುಳ್ ಯಾಕ್ ಹೇಳ್ಲಿ."

ಆಗ ನಾನು ಮುಗೀತು ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಮುಗೀತು ಎಂದಿದ್ದರೆ ಅವಳು ಆ ಮುಖ ಹೊತ್ತುಕೊಂಡೇ ಮನೆಗೆ ಹೋಗುತ್ತಿದ್ದಳು, ನಾಳೆಯೂ ಹೊತ್ತಿರುತ್ತಿದ್ದಳು, ನಾನು ಬೇಕೆಂದಷ್ಟು ದಿನ ಹೊತ್ತಿರುತ್ತಿದ್ದಳು. ಆದರೆ ಎಂಟು ಹೆಜ್ಜೆ ಆಚೆ ಬೆಲ್ಮೀರುವಿನ ತಟ್ಟೆಯಲ್ಲಿ ಅದು ಅರ್ಧ ಉಳಿದಿತ್ತು, ಹಂಡೆ ತೆರೆದ ಬಾಗಿಲಿನಿಂದ ಅವಳಿಗೇ ಕಾಣುತ್ತಿತ್ತು. ಒಳಗೆ ಹೋಗಿ ಒಂದು ತಟ್ಟೆ ಹಾಕಿದೆ. ಕಾಳು ಕಡಿಮೆ ಇರುವ ಕಡೆಯಿಂದ ಆರಿಸಿ ಹಾಕಿದೆ. ತಂದು ಮುಂದಿಟ್ಟು, "ತಿನ್ನು, ಆರೋಗುತ್ತೆ" ಎಂದೆ.

ಅವಳು ತಟ್ಟೆ ನೋಡಲಿಲ್ಲ, ನನ್ನನ್ನೇ ನೋಡುತ್ತಾ ಮೊದಲ ತುತ್ತು ಬಾಯಿಗಿಟ್ಟಳು.

ಅಗಿದಳು. ಅಗಿಯುವುದು ನಿಧಾನವಾಯಿತು. ತಲೆ ತಗ್ಗಿಸಿ ಅನ್ನವನ್ನು ಫೋರ್ಕಿನಿಂದ ಬಿಡಿಸಿ, ಆ ಕಾಳುಗಳನ್ನು ನೋಡಿದಳು. ತಿರುಗಿ ಅಡುಗೆಮನೆಯ ಒಳಗೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ನನ್ನ ಕೈ ನೋಡಿದಳು. ಉಗುರಿನ ಸಂದಿನಲ್ಲಿ ರಕ್ತದ ಕಪ್ಪು ಇನ್ನೂ ಹೋಗಿರಲಿಲ್ಲ. ಅವಳ ಹುಬ್ಬು ಸಡಿಲವಾಯಿತು, ಭುಜ ಕೆಳಗಿಳಿಯಿತು. ಹೊಟ್ಟೆಕಿಚ್ಚು ಒಬ್ಬರ ಮುಖದಿಂದ ಇಳಿದು ಹೋಗುವುದನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಹಿಡಿದು ನಿಲ್ಲಿಸಲು ಬರುವಂತಿದ್ದರೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ.

ಅವಳು ನಕ್ಕಿದ್ದರೆ ಜಗಳ ತೆಗೆಯುತ್ತಿದ್ದೆ. ನಗಲಿಲ್ಲ. "ನೀವೇ ಮಾಡಿದ್ದಾ," ಎಂದಳು, ಕಾಯಿಲೆಯವರ ಹತ್ತಿರ ಮಾತಾಡುವಷ್ಟು ಮೆಲ್ಲಗೆ.

ಅವಳು ಬ್ರೆಡ್ಡು ಮುರಿದುಕೊಂಡು ಊಟಕ್ಕೆ ತೊಡಗಿದಳು. ತುತ್ತಿನ ಮೇಲೆ ತುತ್ತು, ಕೂಲಿಯವರ ಹಾಗೆ ಬಾಗಿ ಕೂತು, ಬೆರಳು ನೆಕ್ಕಿಕೊಂಡು ತಿಂದಳು. ಕೆನ್ನೆಗೆ ಬಣ್ಣ ಬಂತು. ಕೊನೆಗೆ ತಟ್ಟೆಯನ್ನು ಬ್ರೆಡ್ಡಿನಿಂದ ಬಳಿದು, ಎತ್ತಿ ನನ್ನ ಕಡೆ ಚಾಚಿದಳು.

"ಇನ್ನೊಂದ್ ಸ್ವಲ್ಪ ಇದ್ರೆ ಹಾಕಿ ದೋನಾ ಎರ್ಮಿನಿಯಾ. ಮೂರ್ ದಿನದ್ ಹಸಿವು."

ಬೇಕಾದಷ್ಟು ಇತ್ತು. ಹಾಕಿದೆ.